ನಾಗಾಲೋಟಕ್ಕೆ ಐವತ್ತು

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನ ಕಪ್ಪು ಟಿ-ಶರ್ಟುಗಳಿಂದ ತುಂಬಿಹೋಗಿತ್ತು. ದೇಶದ ನಾನಾ ಮೂಲೆಗಳಿಂದ ರೈಲು, ಬಸ್ಸು ಹಿಡಿದು ಬಂದಿದ್ದ ಹತ್ತಾರು ಸಾವಿರ ಮಂದಿ ಕಾಯುತ್ತಿದ್ದದ್ದು ಇಂಗ್ಲೆಂಡಿನ ‘ಐರನ್ ಮೇಡನ್’ ತಂಡಕ್ಕಾಗಿ. ಅಷ್ಟು ದೊಡ್ಡ ಹೆವಿ ಮೆಟಲ್ ತಂಡವೊಂದು ತನ್ನ ಪೂರ್ಣ ಪ್ರಮಾಣದ ಕಾರ್ಯಕ್ರಮವನ್ನು ಭಾರತಕ್ಕೆ ತಂದದ್ದು ಅದೇ ಮೊದಲು. ದೆಹಲಿಯ ‘ಪರಿಕ್ರಮ’ ತಂಡ ಮತ್ತು ಗಾಯಕಿ ಲಾರೆನ್ ಹ್ಯಾರಿಸ್ ಹಾಡಿ ಇಳಿದ ಮೇಲೆ ನಡುವಯಸ್ಸಿನ ಆರು ಮಂದಿ ವೇದಿಕೆಗೆ ಬಂದರು. ‘ಫಿಯರ್ ಆಫ್ ದಿ ಡಾರ್ಕ್’ ಶುರುವಾದಾಗ ಜನ ಅದರ ಸಾಹಿತ್ಯದ ಜೊತೆಗೆ ಗಿಟಾರಿನ ಸ್ವರಗಳನ್ನೂ ಒಕ್ಕೊರಲಿನಿಂದ ಹಾಡಿದರು.

ಆ ಗುಂಪಿನಲ್ಲಿದ್ದ ಎಷ್ಟೋ ಹುಡುಗ ಹುಡುಗಿಯರು ಹುಟ್ಟುವ ಮೊದಲೇ ಬಂದ ಹಾಡುಗಳೂ ಅಂದಿನ ಪಟ್ಟಿಯಲ್ಲಿದ್ದವು. ನಮ್ಮ ರೇಡಿಯೊದಲ್ಲಿ ಅಪರೂಪಕ್ಕೂ ಬಾರದ ಈ ಸಂಗೀತ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ, ಹಾಸ್ಟೆಲಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿ, ಎಂಜಿನಿಯರಿಂಗ್ ಕಾಲೇಜುಗಳ ವಾರ್ಷಿಕೋತ್ಸವಗಳ ರಾಕ್ ಸ್ಪರ್ಧೆಗಳಲ್ಲಿ ಬೇರೂರಿತ್ತು. ಜಾಹೀರಾತು ಕೈಹಿಡಿಯದೆಯೂ ಒಂದು ತಂಡ ಹೀಗೆ ಊರೂರು ಸೇರಿದ್ದು ಹೇಗೆ? ಐದು ದಶಕ ಉಳಿದದ್ದು ಹೇಗೆ? ಉತ್ತರ ಅದರ ಸಂಗೀತದಲ್ಲಿಯೇ ಇದೆ. ಕಾಲದ ತಾಳಕ್ಕೆ ಕುಣಿಯದೆ, ಆದರೆ ನಿಂತಲ್ಲೇ ನಿಲ್ಲದೆ ಬೆಳೆದ ತಂಡ ಇದು. ಹಟವೇ ಅದರ ಬಲ. ಒಂದು ಘಟ್ಟದಲ್ಲಿ ಅದೇ ಹಟ ಅದಕ್ಕೆ ಮುಳುವಾಗಿದ್ದೂ ಉಂಟು.

ಪಬ್ಬಿನಿಂದ ಪಟ್ಟಿಗೆ

ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸ್ ಹುಟ್ಟಿದ್ದು 1956ರಲ್ಲಿ, ಪೂರ್ವ ಲಂಡನ್ನಿನ ಲೇಟನ್‌ಸ್ಟೋನಿನಲ್ಲಿ. ದುಡಿಯುವ ವರ್ಗದವರ ಬಡಾವಣೆಗಳ ಸೀಮೆ ಅದು. ಹುಡುಗನಿಗೆ ಫುಟ್‌ಬಾಲ್ ಹುಚ್ಚು. ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬಿನ ಕಿರಿಯರ ತರಬೇತಿಗೂ ಹೋಗಿದ್ದವರು. ಹೊಟ್ಟೆಪಾಡಿಗೆ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ, ಸಂಜೆಯ ಹೊತ್ತು ಬೇಸ್ ಗಿಟಾರ್. ಮೊದಲು ಸೇರಿಕೊಂಡಿದ್ದ ತಂಡದ ಹಿರಿಯರಿಗೆ ಹ್ಯಾರಿಸ್ ಬರೆದ ಹಾಡುಗಳು ರುಚಿಸಲಿಲ್ಲ. ನಡುನಡುವೆ ಲಯ ಬದಲಾಗುತ್ತದೆ, ತೀರಾ ಜಟಿಲ ಎಂಬುದು ಅವರ ತಕರಾರು. ಹಾಗಾಗಿ 1975ರ ಕ್ರಿಸ್‌ಮಸ್ ದಿನ ಹ್ಯಾರಿಸ್ ತಮ್ಮದೇ ತಂಡ ಕಟ್ಟಿದರು. ಸ್ಟ್ರಾಟ್‌ಫರ್ಡಿನ ‘ಕಾರ್ಟ್ ಆ್ಯಂಡ್ ಹಾರ್ಸಸ್’, ಈಸ್ಟ್ ಹ್ಯಾಮಿನ ‘ರಸ್ಕಿನ್ ಆರ್ಮ್ಸ್’ನಂಥ ಪಬ್ಬುಗಳೇ ಅವರ ಮೊದಲ ವೇದಿಕೆಗಳು.

ಹೆವಿ ಮೆಟಲ್ ಹುಟ್ಟಿ ಆಗಿನ್ನೂ ಐದಾರು ವರ್ಷ. 1970ರಲ್ಲಿ ಬರ್ಮಿಂಗ್‌ಹ್ಯಾಮಿನ ‘ಬ್ಲ್ಯಾಕ್ ಸಬಾತ್’ ತನ್ನ ಮೊದಲ ಆಲ್ಬಂನಲ್ಲಿ ಗಿಟಾರಿನ ನಾದವನ್ನು ಭಾರವಾಗಿಸಿ, ಕತ್ತಲ ವಸ್ತುಗಳನ್ನು ಹಾಡಿಗೆ ತಂದಿತ್ತು. ಅದೇ ಊರಿನ ‘ಜುಡಾಸ್ ಪ್ರೀಸ್ಟ್’ ಎರಡು ಗಿಟಾರುಗಳ ಕಟ್ಟನ್ನು ಗಟ್ಟಿಗೊಳಿಸಿತು. ಇಂದು ‘ಸಾಂಪ್ರದಾಯಿಕ ಹೆವಿ ಮೆಟಲ್’ ಎಂದು ಕರೆಯುವುದು ಈ ಧಾರೆಯನ್ನೇ. ಇಲ್ಲಿ ಕಿರುಚಾಟಕ್ಕಿಂತ ರಾಗ ದೊಡ್ಡದು. ಗಾಯಕನ ಮಾತು ಸ್ಪಷ್ಟವಾಗಿ ಕೇಳಬೇಕು, ಗಿಟಾರಿನ ಪ್ರತಿ ಸ್ವರವೂ ಎದ್ದು ಕಾಣಬೇಕು.

ಮೇಡನ್ ತಲೆಯೆತ್ತುವ ಹೊತ್ತಿಗೆ ಲಂಡನ್ನಿನಲ್ಲಿ ಪಂಕ್ ಅಲೆ ಎದ್ದಿತ್ತು. ಮೂರು ನಿಮಿಷದ ಹಾಡು, ಮೂರೇ ಸ್ವರಮೇಳ, ಕತ್ತರಿಸಿದ ಕೂದಲು. ಕೂದಲು ಕತ್ತರಿಸಿ ಪಂಕ್ ನುಡಿಸಿ ಎಂಬ ಸಲಹೆ ಈ ಹುಡುಗರಿಗೂ ಬಂತು. ಅವರು ಕಿವಿಗೊಡಲಿಲ್ಲ. 1978ರ ಕೊನೆಯ ದಿನಗಳಲ್ಲಿ ಕೇಂಬ್ರಿಜ್‌ನ ಅಗ್ಗದ ಸ್ಟುಡಿಯೊ ಒಂದರಲ್ಲಿ ನಾಲ್ಕು ಹಾಡುಗಳ ಧ್ವನಿಮುದ್ರಣ ಮಾಡಿದರು. ಉತ್ತರ ಲಂಡನ್ನಿನ ಪಬ್ಬೊಂದರಲ್ಲಿ ಹೆವಿ ಮೆಟಲ್ ರಾತ್ರಿಗಳನ್ನು ನಡೆಸುತ್ತಿದ್ದ ಡಿಸ್ಕ್ ಜಾಕಿ ನೀಲ್ ಕೇ ಅವರ ಕೈಗೆ ಆ ಕ್ಯಾಸೆಟ್ ಸೇರಿತು. ಅಲ್ಲಿ ಬರುವ ಜನ ಮತ್ತೆ ಮತ್ತೆ ಅದನ್ನೇ ಕೇಳತೊಡಗಿದರು. 1979ರ ನವೆಂಬರಿನಲ್ಲಿ ‘ದಿ ಸೌಂಡ್‌ಹೌಸ್ ಟೇಪ್ಸ್’ ಹೆಸರಿನಲ್ಲಿ 5,000 ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಹೊರತಂದರು. ಮರುತಿಂಗಳೇ ಇಎಂಐ ಕಂಪನಿಯೊಂದಿಗೆ ಒಪ್ಪಂದವಾಯಿತು. 1980ರ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಂ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು.

ಆ ಆಲ್ಬಂನ ಮುಖಪುಟದಲ್ಲಿ ಕಲಾವಿದ ಡೆರೆಕ್ ರಿಗ್ಸ್ ಬಿಡಿಸಿದ ಒಂದು ಪ್ರೇತಮುಖವಿತ್ತು. ಮೂಲ ಚಿತ್ರಕ್ಕೆ ಉದ್ದ ಕೂದಲಿರಲಿಲ್ಲ. ಪಂಕ್ ಛಾಯೆ ಬೇಡವೆಂದು ಆಮೇಲೆ ಸೇರಿಸಿದ್ದು. ‘ಎಡ್ಡಿ’ ಎಂಬ ಈ ಆಕೃತಿ ಮುಂದಿನ ಎಲ್ಲ ಆಲ್ಬಂಗಳಲ್ಲೂ ವೇಷ ಬದಲಿಸುತ್ತ ಬಂದಿದೆ. ಸೈನಿಕ, ಫೇರೊ, ಸಮುರಾಯ್ ಹೀಗೆ. ಹಾಡುಗಾರರ ಮುಖ ಗೊತ್ತಿಲ್ಲದವರಿಗೂ ಎಡ್ಡಿ ಗೊತ್ತು.

ಗುರು, ಲಘು, ಲಘು

ಈ ತಂಡದ ನಾದವನ್ನು ಕಣ್ಣುಮುಚ್ಚಿ ಗುರುತಿಸಬಹುದು. ಕಾರಣ ಅದರ ಬೇಸ್ ಗಿಟಾರ್. ಬಹುತೇಕ ರಾಕ್ ತಂಡಗಳಲ್ಲಿ ಬೇಸ್ ಹಿಂದೆ ನಿಂತು ಆಧಾರ ಕೊಡುವ ವಾದ್ಯ. ಇಲ್ಲಿ ಅದು ಮುಂದಾಳು. ಹ್ಯಾರಿಸ್ ಪಿಕ್ ಹಿಡಿಯುವುದಿಲ್ಲ. ತೋರುಬೆರಳು, ನಡುಬೆರಳುಗಳಲ್ಲೇ ತಂತಿಯನ್ನು ಹೊಡೆಯುತ್ತಾರೆ. ತಂತಿ ಫ್ರೆಟ್ಟಿಗೆ ಬಡಿದು ಏಳುವ ಲೋಹದ ಟಣತ್ಕಾರ ಅವರ ಸಹಿ.

ಆ ಬೆರಳುಗಳು ನುಡಿಸುವ ಲಯಕ್ಕೆ ಮೆಟಲ್ ಲೋಕದಲ್ಲಿ ‘ಗ್ಯಾಲಪ್’ ಎನ್ನುತ್ತಾರೆ, ಕುದುರೆಯ ನಾಗಾಲೋಟ. ಒಂದು ದೀರ್ಘ ಹೊಡೆತ, ಹಿಂದೆಯೇ ಅದರ ಅರ್ಧದಷ್ಟು ಕಾಲದ ಎರಡು ಹೊಡೆತ. ಛಂದಸ್ಸು ಓದಿದವರು ಇದನ್ನು ಥಟ್ಟನೆ ಹಿಡಿಯುತ್ತಾರೆ: ಒಂದು ಗುರು, ಎರಡು ಲಘು. ಅಂದರೆ ನಾಲ್ಕು ಮಾತ್ರೆಯ ಭಗಣ. ‘ದಿ ಟ್ರೂಪರ್’, ‘ರನ್ ಟು ದಿ ಹಿಲ್ಸ್’ ಹಾಡುಗಳಲ್ಲಿ ಈ ಭಗಣ ಬಿಡುವಿಲ್ಲದೆ ಓಡುತ್ತದೆ. 1982ರ ಕೊನೆಯಿಂದ ನಾಲ್ಕು ದಶಕ ಡ್ರಮ್ಸ್ ನುಡಿಸಿದ ನಿಕೊ ಮೆಕ್‌ಬ್ರೇನ್, ಎರಡು ಪೆಡಲ್ ಬಳಸುವ ಮೆಟಲ್ ವಾದಕರ ನಡುವೆ ಒಂದೇ ಪೆಡಲಿನಲ್ಲಿ, ಒಂದೇ ಪಾದದಲ್ಲಿ ಇದಕ್ಕೆ ಜೊತೆಗೊಟ್ಟವರು.

ಇದರ ಮೇಲೆ ಎರಡು ಗಿಟಾರ್. ಒಂದು ಷಡ್ಜದಿಂದ ಹೊರಟರೆ ಇನ್ನೊಂದು ಗಾಂಧಾರದಿಂದ ಹೊರಟು, ಅದೇ ಎಳೆಯನ್ನು ಜೊತೆಜೊತೆಗೆ ನುಡಿಸುತ್ತವೆ. ಒಂದೇ ಸ್ವರದ ಹಾದಿಯಲ್ಲಿ ನಡೆಯುವ ನಮ್ಮ ಸಂಗೀತದಲ್ಲಿ ಈ ಕ್ರಮವಿಲ್ಲ. ‘ವಿಶ್‌ಬೋನ್ ಆ್ಯಶ್’, ‘ಥಿನ್ ಲಿಝಿ’ ತಂಡಗಳಿಂದ ಕಲಿತ ಪಾಠವಿದು. ಹಾಡಿನ ಕಟ್ಟಡದ ಪಾಠವನ್ನು ಹ್ಯಾರಿಸ್ ಕಲಿತದ್ದು ‘ಜೆನೆಸಿಸ್’, ‘ಜೆತ್ರೊ ಟಲ್’ನಂಥ ಪ್ರೊಗ್ರೆಸಿವ್ ರಾಕ್ ತಂಡಗಳಿಂದ. ಮೊದಲ ಆಲ್ಬಂನಲ್ಲೇ ಇರುವ ಏಳು ನಿಮಿಷದ ‘ಫ್ಯಾಂಟಮ್ ಆಫ್ ದಿ ಆಪೆರಾ’ ಕೇಳಿ. ಲಯ ನಾಲ್ಕಾರು ಸಲ ಮಗ್ಗುಲು ಬದಲಿಸುತ್ತದೆ. ಆದರೂ ಎಲ್ಲಿಯೂ ಹೊಲಿಗೆ ಕಾಣದು. ಆಮೇಲಿನ ನಲವತ್ತು ವರ್ಷಗಳ ಬೀಜ ಅಲ್ಲಿದೆ.

ಹೊಸ ಕಂಠ

ಮೊದಲ ಎರಡು ಆಲ್ಬಂಗಳಿಗೆ ಹಾಡಿದವರು ಪಾಲ್ ಡಿಯಾನೊ. ಒರಟು ಕಂಠ, ಬೀದಿಯ ಗತ್ತು. ‘ಕಿಲ್ಲರ್ಸ್’ (1981) ಆಲ್ಬಂನ ಪ್ರವಾಸದ ಹೊತ್ತಿಗೆ ಅವರ ಜೀವನಕ್ರಮ ಹಳಿತಪ್ಪಿತ್ತು. ಆ ವರ್ಷವೇ ಅವರನ್ನು ಬಿಟ್ಟು, ‘ಸ್ಯಾಮ್ಸನ್’ ತಂಡದಲ್ಲಿದ್ದ ಬ್ರೂಸ್ ಡಿಕಿನ್ಸನ್ ಅವರನ್ನು ಕರೆತಂದರು. ಲಂಡನ್ನಿನ ಕಾಲೇಜಿನಲ್ಲಿ ಇತಿಹಾಸ ಓದಿದ್ದ, ತಾರಸ್ಥಾಯಿಯಲ್ಲಿ ಸಲೀಸಾಗಿ ಸಂಚರಿಸಬಲ್ಲ ಈ ಗಾಯಕನ ಆಗಮನದಿಂದ ಹ್ಯಾರಿಸ್ ಬರೆಯಬಲ್ಲ ಹಾಡಿನ ಅಳತೆಯೇ ಬದಲಾಯಿತು.

1982ರ ಮಾರ್ಚಿನಲ್ಲಿ ಬಂದ ‘ದಿ ನಂಬರ್ ಆಫ್ ದಿ ಬೀಸ್ಟ್’ ಬ್ರಿಟನ್ನಿನಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು ಸೈತಾನನ ಪೂಜೆಯೆಂದು ಆರೋಪಿಸಿ ಈ ರೆಕಾರ್ಡುಗಳನ್ನು ಸುಟ್ಟವು. ಶೀರ್ಷಿಕೆಯ ಹಾಡು ಹ್ಯಾರಿಸ್ ಕಂಡ ಒಂದು ದುಃಸ್ವಪ್ನದಿಂದ ಹುಟ್ಟಿದ್ದು. ಹಾಡು ಕೇಳದವರೇ ಹೆಚ್ಚು ಕೂಗಾಡಿದರು. ಅದೇ ಆಲ್ಬಂನ ‘ರನ್ ಟು ದಿ ಹಿಲ್ಸ್’ ಅಮೆರಿಕದ ಮೂಲನಿವಾಸಿಗಳ ಹತ್ಯಾಕಾಂಡದ ಹಾಡು. ಮೊದಲ ಭಾಗದಲ್ಲಿ ನೆಲ ಕಳೆದುಕೊಂಡವನು ಮಾತನಾಡುತ್ತಾನೆ, ಆಮೇಲೆ ಬೆನ್ನಟ್ಟಿ ಬಂದ ಸೈನಿಕ. ಒಂದೇ ಹಾಡಿನಲ್ಲಿ ಎರಡು ಕಣ್ಣುಗಳಿಂದ ಚರಿತ್ರೆಯನ್ನು ಕಾಣಿಸಿದ ಪರಿ ಅದು.

ಆಲ್ಬಂನ ಕೊನೆಯ ಹಾಡು ‘ಹ್ಯಾಲೋಡ್ ಬಿ ದೈ ನೇಮ್’. ಸಾಂಪ್ರದಾಯಿಕ ಮೆಟಲ್‌ನ ಶಿಖರ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ತೋರಿಸುತ್ತೇನೆ. ಗಲ್ಲಿಗೇರಲಿರುವ ಕೈದಿಯೊಬ್ಬನ ಕೊನೆಯ ಗಳಿಗೆಗಳು ಇದರ ವಸ್ತು. ಮೊದಲು ಗಂಟೆಯ ನಾದ, ಮಂದವಾದ ಗಿಟಾರ್, ಡಿಕಿನ್ಸನ್ ಅವರ ತಗ್ಗಿದ ದನಿ. ಸೆರೆಮನೆಯ ಕೋಣೆಯಲ್ಲಿ ಕಾಲ ಹೆಪ್ಪುಗಟ್ಟಿದೆ. ಒಂದು ನಿಮಿಷದ ಬಳಿಕ ದನಿ ಮೇಲೇರಿ ದೀರ್ಘವಾಗಿ ನಿಲ್ಲುತ್ತದೆ, ತಾಳವಾದ್ಯ ಒಳಬರುತ್ತದೆ. ಅಲ್ಲಿಂದ ಹಾಡು ಹಿಂದೆ ತಿರುಗಿ ನೋಡುವುದಿಲ್ಲ. ಮತ್ತೆ ಮತ್ತೆ ಬರುವ ಪಲ್ಲವಿ ಇದರಲ್ಲಿಲ್ಲ. ಕೈದಿ ಮೊದಲು ಹೆದರುತ್ತಾನೆ, ದೇವರಿದ್ದರೆ ನನ್ನನ್ನೇಕೆ ಬಿಟ್ಟ ಎಂದು ಕೇಳುತ್ತಾನೆ, ಕೊನೆಗೆ ಧೈರ್ಯ ತಂದುಕೊಳ್ಳುತ್ತಾನೆ. ಅವನ ಮನಸ್ಸಿನ ಹೆಜ್ಜೆಗೆ ತಕ್ಕಂತೆ ಗಿಟಾರುಗಳ ವೇಗ ಏರುತ್ತದೆ. ಶೀರ್ಷಿಕೆಯ ಮಾತು ಬಾಯಿಗೆ ಬರುವುದು ಎಲ್ಲ ಮುಗಿಯುವ ಹೊತ್ತಿಗೆ. ಏಳು ನಿಮಿಷದಲ್ಲಿ ಒಂದು ನಾಟಕ ಮುಗಿದಿರುತ್ತದೆ.

ಚರಿತ್ರೆ, ಕಾವ್ಯ, ದಣಿವು

ಮುಂದಿನ ಎರಡು ಆಲ್ಬಂಗಳಲ್ಲಿ ತಂಡದ ಪುಸ್ತಕಪ್ರೀತಿ ಬಯಲಾಯಿತು. ‘ಪೀಸ್ ಆಫ್ ಮೈಂಡ್’ (1983) ಆಲ್ಬಂನ ‘ದಿ ಟ್ರೂಪರ್’ 1854ರ ಬಾಲಾಕ್ಲಾವಾ ಕದನದಲ್ಲಿ ರಷ್ಯನ್ ಫಿರಂಗಿಗಳಿಗೆ ಎದುರಾಗಿ ನುಗ್ಗಿದ ಬ್ರಿಟಿಷ್ ಅಶ್ವದಳದ ಕಥೆ. ನಾಗಾಲೋಟದ ಲಯಕ್ಕೆ ಇದಕ್ಕಿಂತ ಒಪ್ಪುವ ವಸ್ತುವಿಲ್ಲ. ‘ಪವರ್‌ಸ್ಲೇವ್’ (1984) ಆಲ್ಬಂನ ‘ಏಸಸ್ ಹೈ’ 1940ರ ಬ್ರಿಟನ್ನಿನ ಆಕಾಶಯುದ್ಧದ್ದು, ‘ಟೂ ಮಿನಿಟ್ಸ್ ಟು ಮಿಡ್‌ನೈಟ್’ ಅಣುಬಾಂಬಿನ ಭಯದ್ದು. ಕೊನೆಯಲ್ಲಿ ಕೋಲ್‌ರಿಜ್ ಕವಿಯ 1798ರ ‘ಪುರಾತನ ನಾವಿಕ’ನ ಕಥೆ, 13 ನಿಮಿಷಕ್ಕೂ ಮಿಕ್ಕಿದ ‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’ ಹಾಡಾಗಿ. ನಡುವೆ ಎಲ್ಲ ವಾದ್ಯಗಳೂ ತಗ್ಗಿ, ಗಾಳಿಯಿಲ್ಲದ ಕಡಲಲ್ಲಿ ಹಡಗಿನ ಮರ ಕಿರುಗುಟ್ಟುವುದಷ್ಟೇ ಕೇಳುತ್ತದೆ. ಶಾಲೆಯಲ್ಲಿ ಕವಿತೆಯೆಂದರೆ ಮೂಗುಮುರಿದಿದ್ದ ಎಷ್ಟೋ ಹುಡುಗರು ಈ ಹಾಡಿನ ನೆಪದಲ್ಲಿ ಕೋಲ್‌ರಿಜ್‌ನನ್ನು ಹುಡುಕಿ ಓದಿದರು.

‘ಪವರ್‌ಸ್ಲೇವ್’ ಪ್ರವಾಸ 1984ರ ಆಗಸ್ಟಿನಲ್ಲಿ ಶುರುವಾದದ್ದು ಕಮ್ಯುನಿಸ್ಟ್ ಆಳ್ವಿಕೆಯ ಪೋಲೆಂಡಿನಲ್ಲಿ. ಪಶ್ಚಿಮದ ತಂಡವೊಂದು ಪೂರ್ಣ ವೇದಿಕೆ, ಪೂರ್ಣ ಬೆಳಕಿನ ಏರ್ಪಾಡಿನೊಂದಿಗೆ ಆ ಗಡಿ ದಾಟುವುದು ಆಗ ತೀರ ಅಪರೂಪ. 1985ರ ಜನವರಿಯಲ್ಲಿ ಬ್ರೆಜಿಲ್‌ನ ಮೊದಲ ‘ರಾಕ್ ಇನ್ ರಿಯೊ’ ಉತ್ಸವದಲ್ಲಿ ಲಕ್ಷಾಂತರ ಜನರ ಮುಂದೆ ಹಾಡಿದರು. ದಕ್ಷಿಣ ಅಮೆರಿಕ ಅಂದಿನಿಂದ ಇಂದಿನವರೆಗೆ ಮೇಡನ್‌ನ ತವರಾಗಿ ಉಳಿದಿದೆ. ಹನ್ನೊಂದು ತಿಂಗಳಲ್ಲಿ 180ಕ್ಕೂ ಹೆಚ್ಚು ಕಾರ್ಯಕ್ರಮಗಳು. ಪ್ರವಾಸ ಮುಗಿಯುವ ಹೊತ್ತಿಗೆ ಎಲ್ಲರೂ ಬಸವಳಿದಿದ್ದರು. ಸಂಗೀತವನ್ನೇ ಬಿಟ್ಟುಬಿಡುವ ಯೋಚನೆ ಡಿಕಿನ್ಸನ್ ಅವರಿಗೆ ಬಂದಿತ್ತು.

ಅವರು ಮುಂದಿನ ಆಲ್ಬಂಗೆ ಮೆದು ದನಿಯ, ಅಕೌಸ್ಟಿಕ್ ಹಾಡುಗಳನ್ನು ಬರೆದುಕೊಂಡು ಬಂದರು. ಉಳಿದವರು ಒಪ್ಪಲಿಲ್ಲ. ‘ಸಮ್‌ವೇರ್ ಇನ್ ಟೈಮ್’ (1986) ಆಲ್ಬಂನಲ್ಲಿ ಡಿಕಿನ್ಸನ್ ಬರೆದ ಒಂದು ಹಾಡೂ ಇಲ್ಲ. ಆದರೆ ಅದೇ ಆಲ್ಬಂನಲ್ಲಿ ತಂಡ ಗಿಟಾರ್ ಸಿಂಥಸೈಸರನ್ನು ಮೊದಲ ಬಾರಿಗೆ ಬಳಸಿತು. ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಬರೆದ ‘ವೇಸ್ಟೆಡ್ ಇಯರ್ಸ್’ ಊರು ಬಿಟ್ಟು ಅಲೆಯುವವರ ಒಂಟಿತನವನ್ನು ಹಿಡಿದಿಟ್ಟಿತು. 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಇನ್ನೂ ಒಂದು ಹೆಜ್ಜೆ ಮುಂದೆ. ಭವಿಷ್ಯ ಕಾಣುವ ಶಕ್ತಿಯೊಂದಿಗೆ ಹುಟ್ಟಿದ ಹುಡುಗನ ಸುತ್ತ ಹೆಣೆದ ಹಾಡುಗಳು, ಹಿನ್ನೆಲೆಯಲ್ಲಿ ಕೀಬೋರ್ಡಿನ ಹರವು. ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನ. ಆ ಆಗಸ್ಟಿನಲ್ಲಿ ಡಾನಿಂಗ್ಟನ್‌ನ ಉತ್ಸವಕ್ಕೆ 1,07,000 ಜನ ಬಂದರು. ಅದೇ ದಿನ ಮೇಡನ್ ವೇದಿಕೆಗೆ ಬರುವ ಮೊದಲೇ, ಇನ್ನೊಂದು ತಂಡ ಹಾಡುತ್ತಿದ್ದಾಗ ನೂಕುನುಗ್ಗಲಿನಲ್ಲಿ ಇಬ್ಬರು ಯುವಕರು ಜೀವ ಕಳೆದುಕೊಂಡರು. ಕಾರ್ಯಕ್ರಮ ಮುಗಿಯುವವರೆಗೆ ತಂಡಕ್ಕೆ ಅದು ತಿಳಿದಿರಲಿಲ್ಲ.

ಇಳಿಜಾರು

ಎತ್ತರಕ್ಕೆ ಏರಿದ ಮೇಲೆ ಹ್ಯಾರಿಸ್ ಹಟ ಹಿಡಿದರು: ಸಿಂಥಸೈಸರ್ ಸಾಕು, ಮತ್ತೆ ಒರಟು ನಾದಕ್ಕೆ ಮರಳೋಣ. ಎಸೆಕ್ಸ್‌ನ ತಮ್ಮ ಮನೆಯ ಆವರಣದಲ್ಲೇ ಮುಂದಿನ ಆಲ್ಬಂನ ಮುದ್ರಣ ನಡೆಸಿದರು. ಹಿಂದಿನ ಎರಡು ಆಲ್ಬಂಗಳ ದಾರಿಯಲ್ಲೇ ಮುಂದುವರಿಯಬೇಕೆಂದಿದ್ದ ಸ್ಮಿತ್ 1990ರಲ್ಲಿ ತಂಡ ಬಿಟ್ಟರು. ಅವರ ಜಾಗಕ್ಕೆ ಗಿಟಾರಿಸ್ಟ್ ಜಾನಿಕ್ ಗರ್ಸ್ ಬಂದರು. ‘ನೋ ಪ್ರೇಯರ್ ಫಾರ್ ದಿ ಡೈಯಿಂಗ್’ ಆಲ್ಬಂನ ಒಂದು ಹಾಡು ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯ ಮೊದಲ ಸ್ಥಾನವನ್ನೇನೋ ಹಿಡಿಯಿತು. ಆದರೆ ಆಲ್ಬಂ ಸಪ್ಪೆಯಾಗಿತ್ತು. 1992ರ ‘ಫಿಯರ್ ಆಫ್ ದಿ ಡಾರ್ಕ್’ ಶೀರ್ಷಿಕೆಯ ಹಾಡಿನಿಂದ ಅಜರಾಮರವಾಯಿತು, ಉಳಿದ ಹಲವು ಹಾಡುಗಳು ಮರೆಗೆ ಸರಿದವು. ಹೊಸ ತಲೆಮಾರು ಸಿಯಾಟಲ್‌ನ ಗ್ರಂಜ್ ರಾಕ್ ಕಡೆಗೆ ವಾಲಿತ್ತು. 1993ರಲ್ಲಿ ಡಿಕಿನ್ಸನ್ ಕೂಡ ಹೊರಟರು. ಮರುವರ್ಷ ಅವರು ತಮ್ಮ ಸ್ವಂತ ತಂಡದೊಂದಿಗೆ, ಮುತ್ತಿಗೆಯಲ್ಲಿ ನಲುಗಿದ್ದ ಸರಾಯೆವೊ ನಗರಕ್ಕೆ ಹೋಗಿ ಹಾಡಿ ಬಂದದ್ದು ಬೇರೆಯೇ ಒಂದು ಸಾಹಸಗಾಥೆ.

ಹೊಸ ಗಾಯಕ ಬ್ಲೇಝ್ ಬೇಯ್ಲಿ. ಅವರದು ತಗ್ಗಿನ ಸ್ಥಾಯಿಯ, ದಪ್ಪ ಕಂಠ. ಹಳೆಯ ಹಾಡುಗಳೋ ಡಿಕಿನ್ಸನ್ ಅವರ ತಾರಸ್ಥಾಯಿಗೆ ಅಳತೆ ಮಾಡಿ ಹೊಲಿದವು. ವೇದಿಕೆಯ ಮೇಲೆ ಬೇಯ್ಲಿ ದಿನದಿನವೂ ಹೆಣಗಬೇಕಾಯಿತು. ಗಂಟಲು ಕೈಕೊಟ್ಟು ಕಾರ್ಯಕ್ರಮಗಳು ರದ್ದಾದವು. ‘ದಿ ಎಕ್ಸ್ ಫ್ಯಾಕ್ಟರ್’ (1995) ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೆ, ‘ವರ್ಚುವಲ್ ಇಲೆವೆನ್’ (1998) ಹದಿನಾರಕ್ಕೆ ನಿಂತವು. ಅಮೆರಿಕದಲ್ಲಿ ಕ್ರೀಡಾಂಗಣಗಳಿಂದ ಕ್ಲಬ್ಬುಗಳಿಗೆ ಇಳಿಯಬೇಕಾಯಿತು.

ಅಭಿಮಾನಿಗಳು ಈ ಅವಧಿಯನ್ನು ಬೇಯ್ಲಿ ಅವರ ತಲೆಗೆ ಕಟ್ಟುವುದು ರೂಢಿ. ಅದು ಅನ್ಯಾಯ. ಕಂಠ ಬದಲಾದರೂ ಹಾಡಿನ ಅಳತೆ ಬದಲಿಸದ ತಂಡದ ಹಟದ್ದೇ ದೊಡ್ಡ ತಪ್ಪು. ಅವರ ಕಂಠಕ್ಕೆಂದೇ ರೂಪುಗೊಂಡ ‘ಸೈನ್ ಆಫ್ ದಿ ಕ್ರಾಸ್’, ‘ದಿ ಕ್ಲ್ಯಾನ್ಸ್‌ಮನ್’ ಎರಡೂ ಮೇಲ್ದರ್ಜೆಯವು. ಇಪ್ಪತ್ತು ವರ್ಷಗಳ ನಂತರ, 2018ರಿಂದ ನಡೆದ ಪ್ರವಾಸದಲ್ಲಿ ಈ ಎರಡನ್ನೂ ಡಿಕಿನ್ಸನ್ ಹಾಡಿದಾಗ ಜನ ಎದ್ದು ಕುಣಿದರು. ಹನ್ನೊಂದು ನಿಮಿಷದ ‘ಸೈನ್ ಆಫ್ ದಿ ಕ್ರಾಸ್’ ಮುಂದಿನ ದಾರಿಯನ್ನು ಆಗಲೇ ತೋರಿಸಿತ್ತು: ನಿಧಾನದ ಆರಂಭ, ಪದರ ಪದರವಾಗಿ ಏರುವ ನಾದ, ಅವಸರವಿಲ್ಲದ ಕಥನ.

ಎರಡನೇ ಇನಿಂಗ್ಸ್

1999ರಲ್ಲಿ ಡಿಕಿನ್ಸನ್, ಸ್ಮಿತ್ ಇಬ್ಬರೂ ಮರಳಿದರು. ಸ್ಮಿತ್ ಬಂದರೆಂದು ಗರ್ಸ್ ಅವರನ್ನು ಕಳಿಸಲಿಲ್ಲ. ತಂಡ ಮೂರು ಗಿಟಾರಿನದಾಯಿತು. ನಾದ ಕಲಸುಮೇಲೋಗರವಾಗಬಹುದೆಂದು ಅನುಮಾನಿಸಿದವರಿಗೆ 2000ದ ‘ಬ್ರೇವ್ ನ್ಯೂ ವರ್ಲ್ಡ್’ ಉತ್ತರ ಕೊಟ್ಟಿತು. ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ನಿರ್ಮಾಪಕ ಕೆವಿನ್ ಶರ್ಲಿ ಆರೂ ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ನೇರವಾಗಿ ನುಡಿಸುವಂತೆ ಮಾಡಿದರು. ಮೂರನೇ ಗಿಟಾರ್ ಗದ್ದಲ ಹೆಚ್ಚಿಸಲಿಲ್ಲ, ಬೇರೊಂದು ಪದರ ಕೊಟ್ಟಿತು.

ಸಾಮಾನ್ಯವಾಗಿ ಮರಳಿ ಒಂದಾದ ತಂಡಗಳು ಹಳೆಯ ಹಾಡುಗಳನ್ನು ತಿರುತಿರುಗಿ ಹಾಡಿ ದುಡ್ಡು ಮಾಡಿಕೊಳ್ಳುತ್ತವೆ. ಮೇಡನ್ ಹಾಗೆ ಮಾಡಲಿಲ್ಲ. ಮೊದಲ ಜಾಗತಿಕ ಯುದ್ಧದ ಕೆಸರಿನ ಕಂದಕಗಳನ್ನು ಎಂಟು ನಿಮಿಷದ ‘ಪ್ಯಾಶನ್‌ಡೇಲ್’ (2003) ಹಾಡಿನಲ್ಲಿ ಕಟ್ಟಿಕೊಟ್ಟಿತು. ಯುದ್ಧ, ಧರ್ಮಗಳ ಸುತ್ತಲೇ ಸುತ್ತುವ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ (2006) ಬಂದಾಗ, 72 ನಿಮಿಷದ ಇಡೀ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ನುಡಿಸಿತು. ಹಳೆಯ ಹಾಡುಗಳಿಗಾಗಿ ಟಿಕೆಟ್ ಕೊಂಡವರು ಗೊಣಗಿದರು. ತಂಡ ಮಣಿಯಲಿಲ್ಲ. ಬೆಂಗಳೂರಿಗೆ ಬಂದದ್ದು ಈ ಪ್ರವಾಸದ ಮುಂದುವರಿಕೆಯಲ್ಲಿಯೇ.

2008ರ ಫೆಬ್ರುವರಿ 1ರಂದು ಮುಂಬೈಯಿಂದ ಹೊಸ ವಿಶ್ವಪ್ರವಾಸ ಶುರುವಾಯಿತು. ಇಡೀ ತಂಡ, ಸಿಬ್ಬಂದಿ, ವಾದ್ಯ, ವೇದಿಕೆಯ ಸಾಮಗ್ರಿ ಎಲ್ಲವೂ ಒಂದೇ ಬೋಯಿಂಗ್ 757 ವಿಮಾನದಲ್ಲಿ. ಅಷ್ಟರಲ್ಲಿ ವಾಣಿಜ್ಯ ಪೈಲಟ್ ಆಗಿದ್ದ ಡಿಕಿನ್ಸನ್ ಅವರೇ ಅದರ ಕ್ಯಾಪ್ಟನ್. 45 ದಿನಗಳಲ್ಲಿ 23 ಕಾರ್ಯಕ್ರಮಗಳು. ಈ ಪ್ರವಾಸದ ಸಾಕ್ಷ್ಯಚಿತ್ರ ‘ಫ್ಲೈಟ್ 666’ನಲ್ಲಿ ಒಂದು ದೃಶ್ಯವಿದೆ. ಕೊಲಂಬಿಯಾದ ಬೊಗೊಟಾದಲ್ಲಿ ಕಾರ್ಯಕ್ರಮ ಮುಗಿದ ಮೇಲೆ, ಮೆಕ್‌ಬ್ರೇನ್ ಎಸೆದ ಡ್ರಮ್ ಕೋಲು ಸಿಕ್ಕ ಯುವಕನೊಬ್ಬ ಅದನ್ನು ಹಿಡಿದು ಮಾತೇ ಹೊರಡದೆ ಅಳುತ್ತಾನೆ. ದೊಡ್ಡ ತಂಡಗಳು ಬಾರದ ಊರುಗಳಿಗೆ ಹುಡುಕಿಕೊಂಡು ಹೋದದ್ದರ ಬೆಲೆ ಏನೆಂಬುದನ್ನು ಆ ಮುಖ ಹೇಳುತ್ತದೆ. 2009ರ ಫೆಬ್ರುವರಿಯಲ್ಲಿ ತಂಡ ಮತ್ತೊಮ್ಮೆ ಬೆಂಗಳೂರಿನಲ್ಲಿ ಹಾಡಿತು.

2007ರ ಆ ಕಾರ್ಯಕ್ರಮದ ಬಳಿಕ ಬೆಂಗಳೂರಿಗೆ ಮೆಟಲ್ ತಂಡಗಳು ಸಾಲುಗಟ್ಟಿ ಬಂದವು. 2008ರಲ್ಲಿ ‘ಮೆಗಾಡೆತ್’, 2011ರಲ್ಲಿ ‘ಮೆಟಾಲಿಕಾ’. ಈ ಸಂಗೀತವನ್ನು ಬರೀ ಕೇಳಿ ಕೂತ ಊರಲ್ಲ ಇದು. 1998ರಲ್ಲಿ ಇಲ್ಲಿಯೇ ಹುಟ್ಟಿದ ‘ಕ್ರಿಪ್ಟೋಸ್’ ತಂಡ ಸ್ವಂತ ಹಾಡುಗಳನ್ನು ಕಟ್ಟುತ್ತ ಬೆಳೆದು, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಥ್ರ್ಯಾಶ್‌ನ (ಮೆಟಲ್‌ನ ಅತಿವೇಗದ ಶೈಲಿ) ಓಟದಿಂದ ಹೊರಟ ಆ ತಂಡ 2016ರ ‘ಬರ್ನ್ ಅಪ್ ದಿ ನೈಟ್’ ಆಲ್ಬಂನ ಹೊತ್ತಿಗೆ ಎಂಬತ್ತರ ದಶಕದ ಸಾಂಪ್ರದಾಯಿಕ ಮೆಟಲ್‌ಗೆ ಇನ್ನಷ್ಟು ಹತ್ತಿರವಾಯಿತು.

ಭಾರತಕ್ಕೆ ಹೊರಟ ಹಡಗು

2014ರ ಕೊನೆಯಲ್ಲಿ ಡಿಕಿನ್ಸನ್ ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಆ ಹೊತ್ತಿಗೆ ‘ದಿ ಬುಕ್ ಆಫ್ ಸೋಲ್ಸ್’ ಆಲ್ಬಂಗೆ ಅವರು ಹಾಡಿ ಮುಗಿಸಿದ್ದರು. ಚಿಕಿತ್ಸೆ ಫಲಿಸಿ 2015ರ ಮೇ ತಿಂಗಳಲ್ಲಿ ಗುಣವಾದರು, ಸೆಪ್ಟೆಂಬರಿನಲ್ಲಿ ಆಲ್ಬಂ ಬಂತು. 92 ನಿಮಿಷದ ಆ ಜೋಡಿ ಆಲ್ಬಂನ ಕೊನೆಗೆ ಡಿಕಿನ್ಸನ್ ಒಬ್ಬರೇ ಪಿಯಾನೊ ಮುಂದೆ ಕೂತು ಬರೆದ, 18 ನಿಮಿಷದ ‘ಎಂಪೈರ್ ಆಫ್ ದಿ ಕ್ಲೌಡ್ಸ್’ ಇದೆ. ತಂಡದ ಅತಿ ದೀರ್ಘ ಹಾಡು.

ಇದರ ವಸ್ತು ನಮಗೂ ಸಂಬಂಧಿಸಿದ್ದು. 1930ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ‘ಆರ್101’ ಎಂಬ ದೈತ್ಯ ವಾಯುನೌಕೆ ಭಾರತಕ್ಕೆ ಹೊರಟಿತು. ಗುರಿ, ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಕರಾಚಿ. ಸಾಮ್ರಾಜ್ಯದ ಪ್ರತಿಷ್ಠೆಗಾಗಿ ಆತುರದಲ್ಲಿ ಹೊರಡಿಸಿದ ಆ ನೌಕೆ ಮಳೆಗಾಳಿಗೆ ಸಿಕ್ಕಿ ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ ಉರಿದುಹೋಯಿತು. ಒಳಗಿದ್ದ 54 ಜನರಲ್ಲಿ 48 ಮಂದಿ ಸತ್ತರು. ಹಾಡು ಒಂಟಿ ಪಿಯಾನೊದಿಂದ ಆರಂಭವಾಗುತ್ತದೆ, ತಂತಿವಾದ್ಯಗಳು ಕೂಡಿಕೊಳ್ಳುತ್ತವೆ. ನೌಕೆ ಮೇಲೇರುವವರೆಗೂ ಗಿಟಾರುಗಳು ಕಾಯುತ್ತವೆ. ಬಿರುಗಾಳಿ ಎದ್ದ ಮೇಲೆ ಡ್ರಮ್ಸ್ ಮತ್ತು ಗಿಟಾರ್ ಸೇರಿ ಅಪಾಯದ ಸಂಕೇತದ ಲಯವನ್ನು ಬಡಿಯುತ್ತವೆ. ಸ್ವತಃ ವಿಮಾನ ನಡೆಸುವವರು ಬರೆದ ಹಾಡೆಂಬುದು ಪ್ರತಿ ವಿವರದಲ್ಲೂ ಗೊತ್ತಾಗುತ್ತದೆ. 1980ರಲ್ಲಿ ಬೀದಿಯ ಹುಡುಗರ ಹುಮ್ಮಸ್ಸನ್ನು ಹಾಡಿದ ತಂಡ ಇಲ್ಲಿ ಅಹಂಕಾರದ ಪತನವನ್ನು, ಸತ್ತವರ ಮೇಲಿನ ಕನಿಕರವನ್ನು ಹಾಡುತ್ತದೆ.

2021ರ ‘ಸೆಂಜುಟ್ಸು’ ತಂಡದ ಹದಿನೇಳನೇ ಆಲ್ಬಂ. ಹತ್ತು ನಿಮಿಷ ಮೀರಿದ ಮೂರು ಹಾಡುಗಳು ಅದರಲ್ಲಿವೆ. ಪೀಠಿಕೆಗಳು ಉದ್ದವಾದವು, ಒಂದೇ ಸಾಲು ಅನೇಕ ಸಲ ಬರುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಕತ್ತರಿ ಆಡಿಸಬೇಕಿದ್ದ ಕಡೆ ತಂಡ ಕೈತಡೆದಿದೆ. ಆದರೂ ಅರವತ್ತು ದಾಟಿದವರು ಹೊಸ ಹಾಡು ಬರೆದು, ಅದನ್ನೇ ಮೊದಲು ಕೇಳಿ ಎಂದು ವೇದಿಕೆ ಹತ್ತುವ ಧೈರ್ಯ ಸಣ್ಣದಲ್ಲ. 2023ರ ಜನವರಿಯಲ್ಲಿ ಮೆಕ್‌ಬ್ರೇನ್ ಪಾರ್ಶ್ವವಾಯುವಿಗೆ ತುತ್ತಾಗಿ ಬಲಗೈ ಸ್ವಾಧೀನ ತಪ್ಪಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಡ್ರಮ್ಸ್ ಮುಂದೆ ಕೂತು, 2024ರ ಡಿಸೆಂಬರಿನವರೆಗೆ ನುಡಿಸಿ, ಸಾವೊ ಪಾಲೊದಲ್ಲಿ ಪ್ರವಾಸಗಳಿಗೆ ವಿದಾಯ ಹೇಳಿದರು. ಆ ವರ್ಷದ ಅಕ್ಟೋಬರಿನಲ್ಲಿ ಡಿಯಾನೊ ತೀರಿಕೊಂಡರು. 2025ರ ಮೇ 27ರಂದು ಬುಡಾಪೆಸ್ಟಿನಲ್ಲಿ, ಹೊಸ ಡ್ರಮ್ಮರ್ ಸೈಮನ್ ಡಾಸನ್ ಜೊತೆಗೆ ಐವತ್ತನೇ ವರ್ಷದ ಪ್ರವಾಸ ಶುರುವಾಯಿತು. ಜೂನ್ 28ರಂದು ಅವರು ಹಾಡಿದ್ದು ಲಂಡನ್ ಸ್ಟೇಡಿಯಂನಲ್ಲಿ. ಹ್ಯಾರಿಸ್ ಬಾಲ್ಯದಿಂದ ಬೆನ್ನುಬಿದ್ದ ವೆಸ್ಟ್ ಹ್ಯಾಮ್ ಕ್ಲಬ್ಬಿನ ತವರು ಮೈದಾನವದು. ಇರುವುದು ‘ಕಾರ್ಟ್ ಆ್ಯಂಡ್ ಹಾರ್ಸಸ್’ ಪಬ್ಬಿರುವ ಸ್ಟ್ರಾಟ್‌ಫರ್ಡಿನಲ್ಲೇ.

ಏನು ಬದಲಾಯಿತು, ಏನು ಉಳಿಯಿತು

ನಾಗಾಲೋಟದ ಭಗಣ ಉಳಿಯಿತು. ಜೋಡಿ ಗಿಟಾರಿನ ಸಹನಡಿಗೆ ಉಳಿಯಿತು. ಹಾಡೆಂದರೆ ಕಥೆ ಎಂಬ ನಂಬಿಕೆ ಉಳಿಯಿತು. ಬದಲಾದದ್ದು ತಾಳ್ಮೆ. ಮೊದಲ ಆಲ್ಬಂನಲ್ಲಿ ಉಸಿರುಗಟ್ಟಿ ಓಡುತ್ತಿದ್ದ ತಂಡ ಕ್ರಮೇಣ ನಿಲ್ಲುವುದನ್ನು, ಕಾಯುವುದನ್ನು, ಮೌನಕ್ಕೆ ಜಾಗ ಬಿಡುವುದನ್ನು ಕಲಿಯಿತು. ಪಂಕ್, ಗ್ರಂಜ್, ಡಿಜಿಟಲ್ ಸಂಗೀತ ಯಾವುದರ ಬೆನ್ನೂ ಹತ್ತದೆ ತನ್ನ ಬೇರಿನಿಂದಲೇ ಬೆಳೆದದ್ದರಿಂದ ಅದರ ಹಳೆಯ ಹಾಡು ಹಳತಾಗಲಿಲ್ಲ. ಎಂಬತ್ತರ ದಶಕದ ಏಳು ಆಲ್ಬಂಗಳನ್ನು ಎಲ್ಲರೂ ಹೊಗಳುತ್ತಾರೆ. 2000ದಿಂದ ಈಚಿನ ಆರು ಆಲ್ಬಂಗಳೂ ಅಷ್ಟೇ ಗಮನಕ್ಕೆ ಅರ್ಹ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎಂದುಕೊಂಡಿರುವ ಓದುಗರಲ್ಲಿ ಒಂದು ಕೋರಿಕೆ. ನಾಲ್ಕು ಹಾಡುಗಳನ್ನು ಇದೇ ಕ್ರಮದಲ್ಲಿ ಕೇಳಿ: ‘ಫ್ಯಾಂಟಮ್ ಆಫ್ ದಿ ಆಪೆರಾ’, ‘ಹ್ಯಾಲೋಡ್ ಬಿ ದೈ ನೇಮ್’, ‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’, ‘ಎಂಪೈರ್ ಆಫ್ ದಿ ಕ್ಲೌಡ್ಸ್’. ಸಾಹಿತ್ಯ ಕಣ್ಣಮುಂದೆ ಇಟ್ಟುಕೊಳ್ಳಿ, ನಡುವೆ ಮೊಬೈಲ್ ಮುಟ್ಟಬೇಡಿ. ಒಟ್ಟು ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ತಂಡ ಮೂವತ್ತೈದು ವರ್ಷಗಳಲ್ಲಿ ನಡೆದ ದಾರಿ ಅಷ್ಟರಲ್ಲಿ ನಿಮಗೆ ಕೇಳಿಸಿರುತ್ತದೆ. ಆಮೇಲೆ ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.